ಐವತ್ತು ಗ್ರಾಮಿನೊಳಗೆ

ರಾಜಾಜಿನಗರ ಮೂರನೇ ಬ್ಲಾಕಿನ ಒಂದು ಮನೆ. ಊಟದ ಮೇಜಿನ ತುಂಬ ಗೆಜ್ಜೆವಸ್ತ್ರ, ಹೂಬತ್ತಿಯ ಪೊಟ್ಟಣ, ಸುಲ್ತಾನ್‌ಪೇಟೆಯಿಂದ ತಂದ ಕವರಿನ ಕಟ್ಟು, ನಡುವೆ ಅಡುಗೆಮನೆಯ ಪುಟ್ಟ ತೂಕದ ಮೆಷಿನ್ನು. ಮಾತಾಡುವವರು ಇಬ್ಬರು. ಅತ್ತೆ ಮತ್ತು ಅವರ ಮೂವರು ಗೆಳತಿಯರು ಕೈಯಲ್ಲಿ ಮಾಡಿದ್ದನ್ನು ಫೋನಿನಲ್ಲಿ ಮಾರುವ ಸೊಸೆ ಒಬ್ಬರು. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತೈದು ವರ್ಷ ಕೂತು ನಿವೃತ್ತರಾದ ಎದುರುಮನೆಯವರು ಇನ್ನೊಬ್ಬರು.

– ಬನ್ನಿ ಅಂಕಲ್, ಕೂತ್ಕೊಳ್ಳಿ. ಕಾಫಿ ಕೊಡ್ತೀನಿ. ಅದಕ್ಕೂ ಮೊದಲು ಈ ಮೆಸೇಜ್ ನೋಡಿ. ಹುಬ್ಬಳ್ಳಿಯವರು. ‘ಸಾಮಾನಿಗೆ ಅರವತ್ತ, ಕಳಸಾಕ ಎಪ್ಪತ್ತೈದು ಏನ್ರಿ?’ ಅಂತ ಕೇಳಿದಾರೆ. ಬೈದಿಲ್ಲ, ಬರೀ ಕೇಳಿದಾರೆ. ಅದಕ್ಕೇ ಇನ್ನೂ ಬೇಜಾರು. ಏನು ಉತ್ತರ ಬರೀಲಿ?

– ಉತ್ತರ ಆಮೇಲೆ ಬರಿಯೋಣ. ಎಪ್ಪತ್ತೈದು ಹೇಗೆ ಬಂತು ಅನ್ನೋದನ್ನ ಮೊದಲು ಹೇಳಮ್ಮ.

– ಸ್ಪೀಡ್ ಪೋಸ್ಟ್. ಕೌಂಟರಿನಲ್ಲಿ ತೂಕ ಹಾಕಿದ್ರು, 63 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. 74 ರೂಪಾಯಿ 34 ಪೈಸೆ. ಹೋದ ಸಲ ಇದೇ ಪೊಟ್ಟಣ ಧಾರವಾಡಕ್ಕೆ ಕಳಿಸಿದಾಗಲೂ ಅಷ್ಟೇ ಆಗಿತ್ತು.

– ತೂಕ ಎಷ್ಟಿತ್ತು?

– ಐವತ್ತಮೂರು ಗ್ರಾಮ್.

– ಅಯ್ಯೋ, ಬರೀ ಮೂರು ಗ್ರಾಮಿಗೆ ಹತ್ತೊಂಬತ್ತು ರೂಪಾಯಿ ಕೊಟ್ಟೆಯಲ್ಲಮ್ಮ! 2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರ ಬದಲಾಗಿದೆ. 50 ಗ್ರಾಮಿನವರೆಗೆ ಊರೊಳಗೆ 19 ರೂಪಾಯಿ, ಹೊರಗೆ ಎಲ್ಲಿಗಾದರೂ 47. ಐವತ್ತು ದಾಟಿತೋ, 250 ಗ್ರಾಮಿನವರೆಗೂ ಒಂದೇ ಮೆಟ್ಟಿಲು. ಆ ಮೆಟ್ಟಿಲು ಹತ್ತಿದ ಮೇಲೆ ದೂರದ ಲೆಕ್ಕ ಶುರುವಾಗುತ್ತೆ. 200 ಕಿಲೋಮೀಟರ್ ಒಳಗೆ 59, ಐನೂರರೊಳಗೆ 63, ಸಾವಿರದೊಳಗೆ 68, ಎರಡು ಸಾವಿರ ದಾಟಿದರೆ 77. ನೀನು ಮೂರೇ ಗ್ರಾಮ್ ಜಾಸ್ತಿ ಇಟ್ಟು ಮೇಲಿನ ಮೆಟ್ಟಿಲಿಗೆ ಹೋಗಿ ನಿಂತಿದ್ದೀಯ.

– ಹಾಗಾದ್ರೆ ಐವತ್ತರೊಳಗೆ ಇದ್ದಿದ್ರೆ?

– 47ಕ್ಕೆ ತೆರಿಗೆ ಸೇರಿಸು. 55 ರೂಪಾಯಿ 46 ಪೈಸೆ. ಹುಬ್ಬಳ್ಳಿಗೂ ಅಷ್ಟೇ, ದಿಲ್ಲಿಗೂ ಅಷ್ಟೇ.

– ಅದೂ ಜಾಸ್ತೀನೇ ಅಲ್ವಾ ಅಂಕಲ್. ಮೊದಲು ರಿಜಿಸ್ಟರ್ ಪೋಸ್ಟ್ ಮಾಡಿಸ್ತಿದ್ದೆ. ಇಷ್ಟಾಗ್ತಿರಲಿಲ್ಲ.

– ಆಗ್ತಿರಲಿಲ್ಲ, ನಿಜ. ಕಾಗದಕ್ಕೆ 20 ಗ್ರಾಮಿಗೆ 5 ರೂಪಾಯಿ, ರಿಜಿಸ್ಟ್ರಿಗೆ 17. ತೆರಿಗೆ ಬಿಟ್ಟು 22 ರೂಪಾಯಿಗೆ ಸಹಿ ಹಾಕಿಸಿಕೊಂಡು ಕೈಗೇ ಕೊಟ್ಟು ಬರ್ತಿದ್ವಿ. 2025ರಲ್ಲಿ ರಿಜಿಸ್ಟರ್ ಪೋಸ್ಟನ್ನ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿದರು. ಈಗ ವಿಳಾಸದಾರರ ಕೈಗೇ ಕೊಡಬೇಕು ಅಂದರೆ ಸ್ಪೀಡ್ ಪೋಸ್ಟಿನ ಮೇಲೆ 5 ರೂಪಾಯಿ ಮತ್ತು ತೆರಿಗೆ ಕೊಟ್ಟು ನೋಂದಣಿ ಸೇರಿಸಿಕೊಳ್ಳಬೇಕು. ಬೇಗ ತಲುಪುತ್ತೆ, ಫೋನಿನಲ್ಲಿ ಎಲ್ಲಿದೆ ಅಂತ ಕಾಣುತ್ತೆ, ಅದೆಲ್ಲ ಒಳ್ಳೇದೇ. ಆದರೆ ನಿನ್ನ ಗೆಜ್ಜೆವಸ್ತ್ರಕ್ಕೆ ಅವಸರ ಏನಿತ್ತು? ವಾರ ತಡವಾದರೂ ನಡೀತಿತ್ತು. ನಿಧಾನವಾಗಿ, ಆದರೆ ಖಾತ್ರಿಯಾಗಿ ಹೋಗೋ ಅಗ್ಗದ ದಾರಿ ಒಂದು ಇತ್ತು, ಅದು ಮುಚ್ಚಿತು. ಮೂವತ್ತೈದು ವರ್ಷ ಆ ಕೌಂಟರಿನ ಹಿಂದೆ ಕೂತವನಿಗೆ ಅದು ನೋವೇ. ಸಣ್ಣ ವ್ಯಾಪಾರ ನಡೀತಿದ್ದದ್ದು ಆ ದಾರಿಯಲ್ಲಿ.

– ಸಾದಾ ಅಂಚೆಯಲ್ಲಿ ಹಾಕಿಬಿಡ್ಲಾ? ಸ್ಟಾಂಪ್ ಅಂಟಿಸಿ ಡಬ್ಬಕ್ಕೆ ಹಾಕಿದ್ರೆ ಆಯ್ತು.

– ನಿನ್ನ ಅಣ್ಣನಿಗೆ ಕಳಿಸೋದಾದ್ರೆ ಹಾಕು. ದುಡ್ಡು ತಗೊಂಡು ಕಳಿಸುವಾಗ ಬೇಡ. ‘ಬಂದಿಲ್ಲ’ ಅಂತ ಅವರು ಅಂದರೆ ತೋರಿಸೋಕೆ ನಿನ್ನ ಕೈಯಲ್ಲಿ ಏನೂ ಇರಲ್ಲ. ಹಿಂದೆ ಅದಕ್ಕೂ ಒಂದು ಉಪಾಯ ಇತ್ತು, ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್ ಅಂತ. ಅಂಚೆಗೆ ಹಾಕಿದ್ದಕ್ಕೆ ಚೀಟಿ ಮೇಲೆ ಒಂದು ಸೀಲು. ಅದೂ 2011ರಲ್ಲಿ ನಿಂತಿತು. ಬಾ, ಆ ಐವತ್ತಮೂರು ಗ್ರಾಮನ್ನ ಬಿಚ್ಚಿ ನೋಡೋಣ. ಮೆಷಿನ್ ಈ ಕಡೆ ತಳ್ಳು. ಒಳಗಿರೋದನ್ನ ಒಂದೊಂದೇ ಇಡು.

– ಇದು ಗೆಜ್ಜೆವಸ್ತ್ರ, ಒಂದು ಪೊಟ್ಟಣದ್ದು. ಹದಿನಾರು ಗ್ರಾಮ್.

– ಎಷ್ಟು ಎಳೆ ಇದೆ?

– ಹತ್ತು. ಗೌರಿಗೆ ಹದಿನಾರು ಗೆಜ್ಜೆಯದ್ದು ಐದು, ಗಣಪತಿಗೆ ಇಪ್ಪತ್ತೊಂದು ಗೆಜ್ಜೆಯದ್ದು ಐದು. ಅತ್ತೆ ಹತ್ತಿಯಿಂದ ಬೀಜ ತೆಗೆದು, ಕೈಯಲ್ಲೇ ಹಿಂಜಿ, ಬೆರಳಿಗೆ ವಿಭೂತಿ ಸವರಿಕೊಂಡು ಎಳೀತಾರೆ. ಬೆರಳಿನ ಎರಡು ಗೆರೆಯಷ್ಟು ಎಳೆದು, ಒಂದು ಚಿಟಿಕೆ ಹತ್ತಿ ದಪ್ಪ ಬಿಟ್ಟು, ಮತ್ತೆ ಎಳೀತಾರೆ. ಹಾಗೆ ಬಿಟ್ಟಿದ್ದೇ ಗೆಜ್ಜೆ. ಆಮೇಲೆ ಪ್ರತಿ ಗೆಜ್ಜೆಯ ಸಂದಿಗೆ ಒದ್ದೆ ಕುಂಕುಮ ಹಚ್ಚಿ ಒತ್ತುತಾರೆ. ಒಂದೆಳೆ ಮುಗಿಯೋಕೆ ಆರೇಳು ನಿಮಿಷ. ಕಣ್ಣು ಸರಿ ಕಾಣದ ದಿನ ಹತ್ತು ನಿಮಿಷ.

– ಹತ್ತು ಎಳೆಗೆ ಒಂದು ಗಂಟೆ ಮೇಲೇ ಆಯ್ತು. ಅದಕ್ಕೆ ಅರವತ್ತು ರೂಪಾಯಿ.

– ಹತ್ತಿ, ಪೊಟ್ಟಣದ ಖರ್ಚು ಕಳೆದು ಅವರ ಕೈಗೆ ನಲವತ್ತೈದು ಕೊಡ್ತೀನಿ. ನಂಗೆ ಐದು ಉಳಿಯುತ್ತೆ. ಬೆಲೆ ಏರಿಸಿದ್ರೆ ಗ್ರಂಥಿಗೆ ಅಂಗಡಿಯಲ್ಲಿ ಮೆಷಿನ್ನಿಂದ ಮಾಡಿದ್ದು ಇಪ್ಪತ್ತಕ್ಕೆ ಸಿಗುತ್ತಲ್ಲ ಅಂತಾರೆ.

– ಸರಿ, ಮುಂದಿನದು ಇಡು.

– ಎಳೆ ಮಡಿಕೆ ಆಗಬಾರದು ಅಂತ ಹಿಂದೆ ಇಡೋ ರಟ್ಟು, ಹದಿನಾಲ್ಕು. ಪ್ಲಾಸ್ಟಿಕ್ ಕವರು, ನಾಲ್ಕು. ಗುಳ್ಳೆ ಕವರು, ಹದಿಮೂರು. ಆಮೇಲೆ ಇದು ಪ್ರಿಂಟ್ ಮಾಡಿಸಿದ ‘ಧನ್ಯವಾದ’ ಕಾರ್ಡು, ಆರು.

– ಒಟ್ಟು 53. ಅದರಲ್ಲಿ ಸಾಮಾನು 16. ಮಿಕ್ಕ 37 ಗ್ರಾಮ್ ಬರೀ ಹೊದಿಕೆ! ಗುಳ್ಳೆ ಕವರು ಯಾಕಮ್ಮ? ಇದೇನು ಗಾಜಿನ ಬಳೆಯಾ ಒಡೆಯೋಕೆ?

– ನೋಡೋಕೆ ಚೆನ್ನಾಗಿರುತ್ತೆ ಅಂತ. ದೊಡ್ಡ ದೊಡ್ಡವರೆಲ್ಲ ಹಾಗೇ ಕಳಿಸ್ತಾರಲ್ಲ.

– ಹತ್ತಿಗೆ ಪೆಟ್ಟು ತಾಗಲ್ಲ, ನೀರು ತಾಗುತ್ತೆ. ಅದಕ್ಕೆ ಪ್ಲಾಸ್ಟಿಕ್ ಇರಲಿ. ಆ ನಾಲ್ಕು ಗ್ರಾಮ್ ದಂಡ ಅಲ್ಲ. ಶ್ರಾವಣದ ಮಳೆಯಲ್ಲಿ ಹತ್ತಿ ತೇವ ಹೀರಿದರೆ ತೂಕಾನೂ ಏರುತ್ತೆ, ಕುಂಕುಮಾನೂ ಹರಡುತ್ತೆ. ಗುಳ್ಳೆ ಕವರಿನ ಬದಲು ಗಟ್ಟಿ ಕಾಗದದ ಕವರು ಹಾಕು. ಸುಲ್ತಾನ್‌ಪೇಟೆಯಿಂದ ತಂದಿದ್ದೀಯಲ್ಲ, ಅದನ್ನ ತೂಗು. ಆರು? ಸಾಕು. ರಟ್ಟನ್ನ ಅರ್ಧಕ್ಕೆ ಕತ್ತರಿಸು, ಏಳಾಯ್ತು. ಈಗ ಕೂಡಿಸು.

– ಹದಿನಾರು, ಏಳು, ನಾಲ್ಕು, ಆರು. ಮೂವತ್ತಮೂರು.

– ಇನ್ನು ಹದಿನೇಳು ಗ್ರಾಮ್ ಖಾಲಿ ಇದೆ. ನಿನ್ನ ಒಂದು ಪೊಟ್ಟಣದ ತೂಕ ಹದಿನಾರು. ಅರ್ಥ ಆಯ್ತಾ?

– ಎರಡು ಹಿಡಿಯುತ್ತೆ!

– ಅದೇ ರಟ್ಟು, ಅದೇ ಪ್ಲಾಸ್ಟಿಕ್ಕು, ಅದೇ ಕವರು. ಎರಡು ಪೊಟ್ಟಣ ಸೇರಿ 49. ನೂರಿಪ್ಪತ್ತರ ಸಾಮಾನಿಗೆ 55 ರೂಪಾಯಿ 46 ಪೈಸೆ. ಒಂದಕ್ಕೆ ಇಪ್ಪತ್ತೆಂಟೂ ಬೀಳಲಿಲ್ಲ. ಎಪ್ಪತ್ತೈದೆಲ್ಲಿ, ಇಪ್ಪತ್ತೆಂಟೆಲ್ಲಿ? ಅಗ್ಗದ ಕೊರಿಯರ್ ಯಾವುದು ಅಂತ ನೀನು ಊರೆಲ್ಲ ಹುಡುಕ್ತಿದ್ದೆ. ಹುಡುಕಬೇಕಾದ್ದು ಈ ಮೇಜಿನ ಮೇಲಿತ್ತು.

– ಕೌಂಟರಿನಲ್ಲಿ ಇದನ್ನ ಕಾಗದ ಅಂತ ತಗೋತಾರಾ? ನೀವು ಹೇಳಿದ ದರ ಕಾಗದಪತ್ರದ್ದಲ್ವಾ?

– ಒಳ್ಳೆ ಪ್ರಶ್ನೆ. ಸ್ಪೀಡ್ ಪೋಸ್ಟಿನಲ್ಲಿ ಕಾಗದಪತ್ರದ್ದು ಬೇರೆ, ಪಾರ್ಸಲ್ಲಿನದ್ದು ಬೇರೆ. ಒಳಗೆ ಏನಿದೆ ಅಂತ ನೀನೇ ಬಾಯಿಬಿಟ್ಟು ಹೇಳು. ಚಪ್ಪಟೆ ಕವರು, ಒಳಗೆ ಪೂಜೆಯ ಹತ್ತಿ ಎಳೆ ಅಂತ. ಅವರು ಯಾವ ದರ ಅಂತಾರೋ ಅದನ್ನ ಮೊದಲೇ ತಿಳ್ಕೊಂಡು, ಆಮೇಲೆ ಗಿರಾಕಿಗೆ ಹೇಳು. ಮುಚ್ಚಿಟ್ಟು ಕಳಿಸೋದು ಬೇಡ. ಎದುರಿಗೆ ಕೂತವರಿಗೆ ದಿನಕ್ಕೆ ಇನ್ನೂರು ಕವರು ಕೈಗೆ ಬರುತ್ತೆ. ಮುಟ್ಟಿದ ಕೂಡಲೇ ಬೆರಳಿಗೆ ಗೊತ್ತಾಗುತ್ತೆ. ನನಗೂ ಗೊತ್ತಾಗ್ತಿತ್ತು.

– ಇನ್ನೊಂದು ಯೋಚನೆ ಮಾಡಿದ್ದೆ. ವರಮಹಾಲಕ್ಷ್ಮಿ ವ್ರತದ ಕಥೆ ಪುಸ್ತಕದ ಜೊತೆ ಗೆಜ್ಜೆವಸ್ತ್ರ ಇಟ್ಟು, ಪುಸ್ತಕದ ದರದಲ್ಲಿ ಕಳಿಸಿದ್ರೆ?

– ಬೇಡಮ್ಮ. ಪುಸ್ತಕದ ದರ ಇರೋದು ಪುಸ್ತಕಕ್ಕೆ. ಹತ್ತಿ ಒಳಗೆ ಸೇರಿದರೆ ಅದು ಪುಸ್ತಕ ಅಲ್ಲ. ಆ ದರಕ್ಕಾಗಿ ಕನ್ನಡದ ಪುಸ್ತಕದವರು ಎಷ್ಟು ಒದ್ದಾಡಿದಾರೆ ಗೊತ್ತಾ? ಗಳಗನಾಥರು ತಮ್ಮ ಕಾದಂಬರಿಗಳನ್ನ ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿ, ಚಂದಾದಾರರ ಬಲದ ಮೇಲೆ ಪುಸ್ತಕ ತಂದರು. ಚಂದಾ ಅಂದರೇ ಅಂಚೆ. ನೋಂದಾಯಿತ ಬುಕ್ ಪೋಸ್ಟ್ ಇದ್ದಾಗ ಐದು ಕಿಲೋ ಪುಸ್ತಕದ ಕಟ್ಟು ಎಂಬತ್ತು ರೂಪಾಯಿ ಆಸುಪಾಸಿಗೆ ದೇಶದ ಯಾವ ಮೂಲೆಗಾದರೂ ಹೋಗ್ತಿತ್ತು. 2024ರ ಡಿಸೆಂಬರಿನಲ್ಲಿ ಅದನ್ನ ನಿಲ್ಲಿಸಿದರು. ಸಣ್ಣ ಪ್ರಕಾಶಕರು ಕಂಗಾಲಾದರು, ದೇಶದ ಉದ್ದಗಲಕ್ಕೂ ಕೂಗೆದ್ದಿತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಅಂತ ಬಂತು. 300 ಗ್ರಾಮಿಗೆ 20 ರೂಪಾಯಿ, ಐದು ಕಿಲೋಗೆ 100, ತೆರಿಗೆ ಬೇರೆ. ಕೂಗಿದ್ದಕ್ಕೆ ಸಿಕ್ಕ ಸೌಲಭ್ಯ ಅದು. ನಾವು ಅದರೊಳಗೆ ಬತ್ತಿ ತುರುಕಿದರೆ ನಾಳೆ ಎಲ್ಲರ ಕಟ್ಟನ್ನೂ ಬಿಚ್ಚಿ ನೋಡೋ ಹಾಗಾಗುತ್ತೆ.

– ಆಯ್ತು, ಅದು ಬಿಟ್ಟೆ. ನಿಮ್ಮ ಮಾತು ಸರಿ. ಈಗ ಈ ಹೂಬತ್ತಿ ಕಥೆ ಕೇಳಿ. ಇದು ಕವರಿಗೆ ಕೂರಲ್ಲ. ಹೋದ ಕಾರ್ತಿಕದಲ್ಲಿ ಒಂದು ಕೊರಿಯರಿನವರ ಹತ್ತಿರ ಕಳಿಸಿದ್ದೆ. ಇನ್ನೂರು ಗ್ರಾಮ್ ಹತ್ತಿ. ಬಿಲ್ಲು ಎರಡು ಕಿಲೋಗೆ ಬಂತು. ಜಗಳ ಮಾಡಿದೆ, ಫೋಟೋ ಕಳಿಸಿದೆ, ನಮ್ಮ ಮೆಷಿನ್ನಿನ ತೂಕ ತೋರಿಸಿದೆ. ಉತ್ತರವೇ ಇಲ್ಲ. ಅತ್ತೆಗೆ ಹೇಳೋಕೆ ಮುಖ ಇರಲಿಲ್ಲ.

– ಡಬ್ಬ ಎಷ್ಟು ದೊಡ್ಡದಿತ್ತು?

– ಮನೇಲಿದ್ದ ಮಿಕ್ಸಿ ಜಾರಿನ ಡಬ್ಬ. ಇದೇ ಥರದ್ದು. ಅಳತೆ ಹಿಡೀಲಾ? ಉದ್ದ ಮೂವತ್ತು, ಅಗಲ ಇಪ್ಪತ್ತು, ಎತ್ತರ ಹದಿನೈದು ಸೆಂಟಿಮೀಟರ್.

– ಗುಣಿಸು. 9,000. ಅದನ್ನ 5,000ದಿಂದ ಭಾಗಿಸು.

– ಒಂದು ಮುಕ್ಕಾಲು… 1.8.

– ಅದೇ ನಿನ್ನ ಎರಡು ಕಿಲೋ. ಕೊರಿಯರಿನವರು ತೂಗೋದು ಎರಡು ಥರ. ತಕ್ಕಡಿ ತೂಕ ಒಂದು, ಜಾಗದ ತೂಕ ಒಂದು. ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ಅವರದ್ದೂ ಪೂರ್ತಿ ತಪ್ಪಲ್ಲ. ಗಾಡಿಯಲ್ಲಿ ಹತ್ತಿ ತುಂಬಿದರೆ ಗಾಡಿ ಭಾರ ಆಗಲ್ಲ, ಆದರೆ ಭರ್ತಿ ಆಗುತ್ತೆ. ತಪ್ಪು ಏನಪ್ಪಾ ಅಂದರೆ, ನಿನಗೆ ಮೊದಲೇ ಹೇಳಲಿಲ್ಲ.

– ಹೂಬತ್ತಿನ ಒತ್ತಿದ್ರೆ ತುದಿ ಮುರಿಯುತ್ತೆ ಅಂಕಲ್. ಹೂವಿನ ಹಾಗೆ ಕೆಳಗೆ ಅಗಲ, ಮೇಲೆ ಮೊಗ್ಗು.

– ಒತ್ತಬೇಡ. ಒಂದರ ಪಕ್ಕ ಒಂದು ಜೋಡಿಸು, ಈಗ ಸುರಿದಿದ್ದೀಯ. ನೋಡು, ಈ ಸಿಹಿತಿಂಡಿ ಡಬ್ಬದಲ್ಲಿ ಒಂದು ಸಾಲು ಇಡು. ಮೊಗ್ಗು ಮೇಲೆ ಮಾಡಿ ಒಂದು, ಅದರ ಪಕ್ಕದ ಸಂದಿಗೆ ಮೊಗ್ಗು ಕೆಳಗೆ ಮಾಡಿ ಒಂದು. ಹಾಂ, ಹಾಗೆ. ಎಷ್ಟು ಹಿಡೀತು?

– ಮೊದಲ ಸಾಲಿಗೇ ಐವತ್ತು ದಾಟಿತು. ಇದರಲ್ಲಿ ಎರಡು ಸಾಲು ಬಂದ್ರೆ ನೂರು ಬತ್ತಿ. ಅಲ್ಲಿ ಆ ದೊಡ್ಡ ಡಬ್ಬದಲ್ಲಿ ಇದ್ದದ್ದೂ ನೂರೇ!

– ಈ ಡಬ್ಬದ ಅಳತೆ ಇಪ್ಪತ್ತು, ಹದಿನೈದು, ಎಂಟು. ಗುಣಿಸಿದರೆ 2,400. ಐದು ಸಾವಿರದಿಂದ ಭಾಗಿಸಿದರೆ 0.48. ಅರ್ಧ ಕಿಲೋದ ಒಳಗೆ ಬಂತು. ಕೊರಿಯರಿನವರ ಮೊದಲ ಮೆಟ್ಟಿಲು ಸಾಮಾನ್ಯವಾಗಿ ಅರ್ಧ ಕಿಲೋ. ಅದೇ ಬತ್ತಿ, ಅದೇ ಊರು, ಬಿಲ್ಲಿನ ತೂಕ ಕಾಲು ಭಾಗ. ಡಬ್ಬ ಮುಚ್ಚಿದ ಮೇಲೆ ಪಕ್ಕದಲ್ಲಿ ಟೇಪು ಇಟ್ಟು ಒಂದು ಫೋಟೋ ತೆಗೆದಿಟ್ಟುಕೋ, ಮೂರೂ ಅಳತೆ ಕಾಣೋ ಹಾಗೆ. ಜಗಳ ಬಂದರೆ ತೂಕದ ಫೋಟೋಗಿಂತ ಅಳತೆಯ ಫೋಟೋ ನಿಲ್ಲುತ್ತೆ.

– ಅತ್ತೆ, ಇಲ್ಲಿ ಬನ್ನಿ, ಅಂಕಲ್ ಬತ್ತಿ ಜೋಡಿಸಿರೋದು ನೋಡಿ! … ನಗ್ತಿದಾರೆ. ‘ಮಡಿಲಕ್ಕಿ ಡಬ್ಬದ ಹಾಗಿದೆ’ ಅಂತಾರೆ.

– ಇನ್ನೊಂದು ಸಮಾಧಾನ. ದೀಪದ ಬತ್ತಿಗೆ ಜಿಎಸ್‌ಟಿ ಇಲ್ಲ. ಪೂಜಾ ಸಾಮಗ್ರಿಯ ಪಟ್ಟಿಯಲ್ಲಿ ಯಜ್ಞೋಪವೀತ, ವಿಭೂತಿ, ಬತ್ತಿ ಎಲ್ಲ ತೆರಿಗೆಯ ಹೊರಗಿವೆ.

– ಬತ್ತಿಗೆ ತೆರಿಗೆ ಇಲ್ಲ, ಬತ್ತಿ ಕಳಿಸೋಕೆ ಮಾತ್ರ ಶೇ 18!

– ಹೌದಮ್ಮ. 2022ರ ಜುಲೈ 18ರ ತನಕ ಅಂಚೆಯ ಎಷ್ಟೋ ಸೇವೆ ತೆರಿಗೆಯಿಂದ ಹೊರಗಿತ್ತು. ಆಮೇಲೆ ಪೋಸ್ಟ್ ಕಾರ್ಡು, ಇನ್‌ಲ್ಯಾಂಡ್ ಲೆಟರ್, ಬುಕ್ ಪೋಸ್ಟು, ಹತ್ತು ಗ್ರಾಮಿಗಿಂತ ಹಗುರದ ಕವರು ಇಷ್ಟನ್ನ ಬಿಟ್ಟು ಮಿಕ್ಕಿದ್ದಕ್ಕೆಲ್ಲ ಬಂತು. ಸಾವಿರ ರೂಪಾಯಿ ಸೀರೆ ಮಾರುವವರಿಗೆ ಆ ಎಂಟೊಂಬತ್ತು ರೂಪಾಯಿ ಲೆಕ್ಕಕ್ಕೆ ಬರಲ್ಲ. ಅರವತ್ತರ ಸಾಮಾನಿಗೆ ಅದು ನಿನ್ನ ಲಾಭಕ್ಕಿಂತ ಜಾಸ್ತಿ. ಇದನ್ನ ಯಾರಾದರೂ ಗಟ್ಟಿಯಾಗಿ ಹೇಳಬೇಕು.

– ಕ್ಯಾಶ್ ಆನ್ ಡೆಲಿವರಿ ಕೊಡಿ ಅಂತ ತುಂಬ ಜನ ಕೇಳ್ತಾರೆ. ಒಂದು ತಿಂಗಳು ಕೊಟ್ಟೆ. ಹನ್ನೊಂದು ಕಳಿಸಿದ್ದರಲ್ಲಿ ನಾಲ್ಕು ವಾಪಸ್ ಬಂತು. ಹೋಗಿದ್ದಕ್ಕೂ ದುಡ್ಡು, ಬಂದಿದ್ದಕ್ಕೂ ದುಡ್ಡು. ವಾಪಸ್ ಬಂದ ಗೆಜ್ಜೆವಸ್ತ್ರ ನಲುಗಿಹೋಗಿತ್ತು. ದೇವರಿಗೆ ಏರಿಸೋಕೆ ಬರಲ್ಲ ಅಂತ ಅತ್ತೆ ಅದನ್ನ ಬಿಡಿಸಿ ಮತ್ತೆ ಬತ್ತಿ ಹೊಸೆದ್ರು.

– ಇದು ಹೊಸ ಕಷ್ಟ ಅಲ್ಲ. 1877ರಲ್ಲಿ ವಿ.ಪಿ.ಪಿ. ಶುರುವಾದಾಗಿನಿಂದ ಇದೆ. ಅಂಚೆಯವನು ಸಾಮಾನು ಕೊಟ್ಟು, ದುಡ್ಡು ಇಸ್ಕೊಂಡು, ಮಾರಿದವನಿಗೆ ಮನಿಯಾರ್ಡರ್ ಮಾಡೋದು. ಪುಸ್ತಕ, ಪಂಚಾಂಗ, ಔಷಧಿ, ಹೊಲಿಗೆ ಮೆಷಿನ್ನಿನ ಬಿಡಿಭಾಗ, ಎಲ್ಲ ಹೋಗ್ತಿತ್ತು. ‘ಸ್ವೀಕರಿಸಲಿಲ್ಲ’ ಅಂತ ಬರೆದು ವಾಪಸ್ ಬಂದ ಕಟ್ಟುಗಳ ರಾಶಿ ನಾನು ಕಂಡಿದ್ದೀನಿ. ಹಳಬರು ಏನು ಮಾಡ್ತಿದ್ರು ಗೊತ್ತಾ? ಮುಂಗಡ ಸ್ವಲ್ಪ ತರಿಸ್ಕೊಳ್ತಿದ್ರು, ಕಳಿಸೋ ಖರ್ಚಿನಷ್ಟು. ನಿನಗೆ ಅದೂ ಬೇಡ, ಯುಪಿಐ ಇದೆ. ಕೈಗೆ ದುಡ್ಡು ಬಂದ ಮೇಲೇ ಕವರು ಅಂಟಿಸು.

– ಮುಂಗಡ ಅಂದ್ರೆ ಹೊಸಬರು ನಂಬಲ್ಲ ಅಂಕಲ್.

– ನಂಬಿಕೆ ಬರೋ ಹಾಗೆ ತೋರಿಸು. ಅತ್ತೆ ಎಳೆ ಎಳೆಯೋ ವಿಡಿಯೋ ಹಾಕ್ತೀಯಲ್ಲ, ಅದರ ಜೊತೆಗೆ ಹೋದ ವಾರ ಕಳಿಸಿದ ಕವರುಗಳ ರಸೀತಿ ಫೋಟೋನೂ ಹಾಕು. ಹೆಸರು, ವಿಳಾಸ ಮುಚ್ಚಿ. ರಸೀತಿ ಕಂಡರೆ ಜನ ನಂಬ್ತಾರೆ.

– ಮೀಶೋನಲ್ಲಿ ನೂರಿಪ್ಪತ್ತು ರೂಪಾಯಿ ಸಾಮಾನು ಮನೆ ಬಾಗಿಲಿಗೆ ಬರುತ್ತಲ್ಲ, ಅವರಿಗೆ ಹೇಗೆ ಕಟ್ಟುತ್ತೆ?

– ನಮ್ಮ ಬೆಂಗಳೂರಿನಲ್ಲೇ 2015ರಲ್ಲಿ ಶುರುವಾದದ್ದು ಅದು. ಮಾರುವವರ ಹತ್ತಿರ ಕಮಿಷನ್ ತಗೊಳ್ಳೋದನ್ನ 2021ರಲ್ಲಿ ಬಿಟ್ಟರು. ಅವರಿಗೆ ಕಟ್ಟೋದು ರಾಶಿಯಿಂದ. ಒಂದೇ ಊರಿಗೆ ಒಂದೇ ದಿನ ಸಾವಿರಾರು ಪೊಟ್ಟಣ ಒಂದೇ ಗಾಡಿಯಲ್ಲಿ. ನಿನ್ನ ಹತ್ತಿರ ಆ ರಾಶಿ ಇಲ್ಲ. ಆದರೆ ಸಣ್ಣ ರಾಶಿ ಮಾಡ್ಕೋಬಹುದು. ಯಾವ ಊರಿಂದ ಹೆಚ್ಚು ಆರ್ಡರ್ ಬರುತ್ತೆ?

– ಶಿವಮೊಗ್ಗ. ಹಬ್ಬದ ತಿಂಗಳಲ್ಲಿ ಇಪ್ಪತ್ತೈದು ಮೂವತ್ತು. ನಮ್ಮ ನಾದಿನಿ ಅಲ್ಲೇ ಇದಾರೆ.

– ನೋಡು ಮತ್ತೆ! ನಾದಿನಿ ಮನೆಗೆ ಒಂದೇ ಡಬ್ಬ ಕಳಿಸು. ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ ಇದೆ, 2021ರ ಫೆಬ್ರುವರಿ 26ರಿಂದ ನಡೀತಿದೆ. ಮೆಜೆಸ್ಟಿಕ್ಕಿನಲ್ಲಿ ಕೊಟ್ಟರೆ ಬಸ್ಸಿನಲ್ಲೇ ಹೋಗುತ್ತೆ. ಅಲ್ಲಿಂದ ನಾದಿನಿ ಊರೊಳಗೆ ಹಂಚಲಿ, ಅಥವಾ ಗಿರಾಕಿಗಳೇ ದೇವಸ್ಥಾನಕ್ಕೆ ಬಂದಾಗ ತಗೊಂಡು ಹೋಗಲಿ. ಒಬ್ಬೊಬ್ಬರಿಗೆ ಐವತ್ತೈದು ಕೊಡೋ ಬದಲು, ಡಬ್ಬದ ಬಾಡಿಗೆನ ಮೂವತ್ತು ಜನಕ್ಕೆ ಹಂಚಿದರೆ ಎಷ್ಟು ಬೀಳುತ್ತೆ, ನೀನೇ ಲೆಕ್ಕ ಹಾಕು. ನಾದಿನಿಗೂ ಒಂದೊಂದು ಪೊಟ್ಟಣಕ್ಕೆ ಇಷ್ಟು ಅಂತ ಕೊಡು. ಪುಕ್ಕಟೆ ಕೆಲಸ ಮಾಡಿಸ್ಕೋಬೇಡ.

– ಅವರು ಬೇಡ ಅಂತಾರೆ.

– ಅಂದರೂ ಕೊಡು. ಬೆಂಗಳೂರಿನವರಿಗೆ ಏನು ಮಾಡ್ತೀಯ?

– ಶನಿವಾರ ಸಂಜೆ ಮಹಾಕವಿ ಕುವೆಂಪು ರಸ್ತೆ ಮೆಟ್ರೋ ಸ್ಟೇಷನ್ ಹತ್ತಿರ ನಿಂತ್ಕೊಂಡಿರ್ತೀನಿ. ಮಲ್ಲೇಶ್ವರದವರು, ಯಶವಂತಪುರದವರು, ವಿಜಯನಗರದವರು ಬಂದು ತಗೊಂಡು ಹೋಗ್ತಾರೆ. ಬರೋಕಾಗದವರಿಗೆ ಪೋಸ್ಟು.

– ಊರೊಳಗೆ 50 ಗ್ರಾಮಿಗೆ 19, ತೆರಿಗೆ ಸೇರಿ 22 ರೂಪಾಯಿ 42 ಪೈಸೆ. ಇಲ್ಲಿ ಮಾತ್ರ ಐವತ್ತು ದಾಟಿದರೂ ಭಯ ಇಲ್ಲ. 250 ಗ್ರಾಮಿನವರೆಗೆ 24 ರೂಪಾಯಿ, ತೆರಿಗೆ ಸೇರಿ 28 ಚಿಲ್ಲರೆ. ಜಯನಗರದ ಅಜ್ಜಿ ಐದು ಪೊಟ್ಟಣ ತಗೊಂಡರೂ ಅಷ್ಟೇ. ಹಾಗಾಗಿ ಊರೊಳಗಿನವರಿಗೆ ಒಂದು ದರದ ಚೀಟಿ, ಹೊರಗಿನವರಿಗೆ ಬೇರೆ ಚೀಟಿ ಮಾಡಿಡು. ಎಲ್ಲರಿಗೂ ‘ಪೋಸ್ಟೇಜ್ ಎಪ್ಪತ್ತೈದು’ ಅಂತ ಬರೆದರೆ ಎದುರು ಬೀದಿಯವರೂ ಓಡಿ ಹೋಗ್ತಾರೆ.

– ‘ಶಿಪ್ಪಿಂಗ್ ಫ್ರೀ’ ಅಂತ ಹಾಕಿ ಬೆಲೆಯಲ್ಲೇ ಸೇರಿಸಿಬಿಡು ಅಂತ ನಮ್ಮೆಜಮಾನ್ರು ಹೇಳ್ತಾರೆ.

– ಅದರಲ್ಲಿ ನನಗೆ ಮನಸ್ಸಿಲ್ಲ. ಸೇರಿಸಿದರೆ ಅರವತ್ತರ ಗೆಜ್ಜೆವಸ್ತ್ರ ನೂರಿಪ್ಪತ್ತರ ಹತ್ತಿರ ಹೋಗುತ್ತೆ. ‘ಹತ್ತಿ ಎಳೆಗೆ ನೂರಿಪ್ಪತ್ತಾ’ ಅಂತ ಜನ ನಿಮ್ಮತ್ತೆ ಕೈಕೆಲಸಕ್ಕೆ ಬೈತಾರೆ. ಬೈಸಿಕೊಳ್ಳಬೇಕಾದ್ದು ಆ ಕೈ ಅಲ್ಲ. ‘ಮಾಡಿದವರಿಗೆ ಇಷ್ಟು, ಅಂಚೆಗೆ ಇಷ್ಟು’ ಅಂತ ಬಿಡಿಸಿ ಬರಿ. ಎರಡು ತಗೊಂಡರೆ ಅಂಚೆ ಖರ್ಚು ಅಷ್ಟೇ ಅಂತಾನೂ ಬರಿ. ಜನಕ್ಕೆ ಲೆಕ್ಕ ತೋರಿಸಿದರೆ ಅವರೇ ಅಕ್ಕತಂಗಿಯರನ್ನ ಸೇರಿಸಿಕೊಂಡು ಒಟ್ಟಿಗೆ ತರಿಸ್ತಾರೆ.

– ಅಮೆರಿಕದವರು ಹಾಗೇ ಮಾಡ್ತಿದ್ರು. ನ್ಯೂಜೆರ್ಸಿಯಲ್ಲಿ ಒಬ್ಬರು ತಮ್ಮ ಬೀದಿಯ ಆರು ಕನ್ನಡದ ಮನೆಗೆ ಸೇರಿಸಿ ತರಿಸ್ತಿದ್ರು. 2025ರಲ್ಲಿ ವರಮಹಾಲಕ್ಷ್ಮಿಗೆ ಹೋಗಿ ತಲುಪಿತು. ಮುಂದಿನ ಹಬ್ಬಗಳಿಗೆ ಅಂತ ಇನ್ನೊಂದು ಕಟ್ಟಿಟ್ಟಿದ್ದೆ, ಅಷ್ಟರಲ್ಲಿ ಅಂಚೆಯೇ ನಿಂತುಹೋಯ್ತು.

– ಆಗಸ್ಟ್ 25. ಮಾರನೇ ದಿನ ಗೌರಿ ಹಬ್ಬ. 800 ಡಾಲರ್ ಒಳಗಿನ ಸಾಮಾನಿಗೆ ಸುಂಕ ಇಲ್ಲ ಅಂತ ಇದ್ದ ವಿನಾಯಿತಿಯನ್ನ ಅಮೆರಿಕ ಆಗಸ್ಟ್ 29ರಿಂದ ತೆಗೆದುಹಾಕಿತು. ಸುಂಕ ಯಾರು ವಸೂಲಿ ಮಾಡಬೇಕು, ಹೇಗೆ ಕಟ್ಟಬೇಕು ಅನ್ನೋದೇ ಇತ್ಯರ್ಥ ಆಗಿರಲಿಲ್ಲ. ಅಕ್ಟೋಬರ್ 15ಕ್ಕೆ ಮತ್ತೆ ಶುರುವಾಯ್ತು, ಸುಂಕವನ್ನ ಇಲ್ಲೇ ಮುಂಗಡ ಕಟ್ಟೋ ಹಾಗೆ. ಬತ್ತಿ ಎಲ್ಲಿ, ದೇಶದೇಶದ ವ್ಯಾಪಾರದ ಜಗಳ ಎಲ್ಲಿ! ಆದರೂ ಬಂದು ತಾಗಿದ್ದು ನಿಮ್ಮತ್ತೆಯ ಮೇಜಿಗೆ.

– ಆ ಕಟ್ಟು ಇನ್ನೂ ಬೀರುವಿನಲ್ಲಿದೆ.

– ದೇಶದ ಹೊರಗಿನದು ನಮ್ಮ ಕೈಲಿಲ್ಲ, ಬಿಡು. ಒಳಗಿನದು ಹೇಳ್ತೀನಿ, ಕೇಳು. ಕೌಂಟರಿಗೆ ಹೊಸದಾಗಿ ಬರೋ ಹುಡುಗರಿಗೆ ನಾನು ಹೇಳ್ತಿದ್ದ ಮಾತು ಇದು. 1854ರ ತನಕ ಈ ದೇಶದಲ್ಲಿ ಕಾಗದಕ್ಕೆ ದೂರ ನೋಡಿ ದುಡ್ಡು ತಗೊಳ್ತಿದ್ರು. ಹತ್ತಿರದ ಊರಿಗೆ ಕಡಿಮೆ, ದೂರದ ಊರಿಗೆ ದುಬಾರಿ. ಬಡವರ ಮಗ ದೂರ ದುಡಿಯೋಕೆ ಹೋದರೆ ಕಾಗದವೇ ಇಲ್ಲ. ಆ ವರ್ಷ ಅಕ್ಟೋಬರ್ 1ರಿಂದ ಹಗುರದ ಕಾಗದಕ್ಕೆ ಅರ್ಧ ಆಣೆ, ದೇಶದ ಯಾವ ಮೂಲೆಗಾದರೂ ಅಷ್ಟೇ ಅಂತ ಮಾಡಿದರು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ನಮ್ಮದೇ ಅಂಚೆ ಇತ್ತು. 1889ರಲ್ಲಿ ಅದೂ ಭಾರತದ ಅಂಚೆಯಲ್ಲಿ ಸೇರಿತು. ದೂರದವನಿಗೂ ಹತ್ತಿರದವನಿಗೂ ಒಂದೇ ಬೆಲೆ ಅನ್ನೋದು ಅಂಚೆಯ ಜೀವ ಇದ್ದ ಹಾಗೆ. ಈಗಿನ ಸ್ಪೀಡ್ ಪೋಸ್ಟ್ ದರಪಟ್ಟಿ ಹರಡಿಕೊಂಡು ನೋಡು. ಊರು ದಾಟಿದ ಮೇಲೆ ದೂರ ಲೆಕ್ಕಕ್ಕೆ ಬಾರದ ಮೆಟ್ಟಿಲು ಒಂದೇ ಒಂದು ಉಳಿದಿದೆ. ಆ ಐವತ್ತು ಗ್ರಾಮ್.

– ಅದಕ್ಕೇ ನಿಮಗೆ ಆ ಮೂರು ಗ್ರಾಮಿಗೆ ಅಷ್ಟು ಸಂಕಟ ಆಗಿದ್ದು.

– ಆಗದೆ ಇರುತ್ತಾ? ಬೀದರಿನ ಮನೆ, ಕಾಸರಗೋಡಿನ ಮನೆ, ದಿಲ್ಲಿಯ ಕನ್ನಡದ ಮನೆ, ಎಲ್ಲಕ್ಕೂ ರಾಜಾಜಿನಗರದಿಂದ ಒಂದೇ ಬೆಲೆಗೆ ಹೋಗೋ ಜಾಗ ಇನ್ನೂ ಇದೆ. ಅದರೊಳಗೆ ಕೂರೋ ಸಾಮಾನು ನಿನ್ನ ಹತ್ತಿರ ಇದೆ. ಪಿಂಗಾಣಿ ಮಾರುವವರಿಗೆ, ಚಟ್ನಿಪುಡಿ ಮಾರುವವರಿಗೆ ಆ ಭಾಗ್ಯ ಇಲ್ಲ. ಆ ಜಾಗವನ್ನ ನೀನು ಗುಳ್ಳೆ ಕವರಿನಿಂದ ತುಂಬಿಸ್ತಿದ್ದೆ. ನಿನ್ನಂಥವರು ನೂರು ಜನ, ಸಾವಿರ ಜನ ಆ ಮೆಟ್ಟಿಲನ್ನ ಬಳಸಿದರೆ, ನಾಳೆ ದರ ಬದಲಿಸೋರಿಗೂ ಅದನ್ನ ಮುಟ್ಟೋಕೆ ಮನಸ್ಸು ಬರಬಾರದು. ಹತ್ತು ಗ್ರಾಮ್ ಜಾಸ್ತಿ ಮಾಡಿ ಅಂತ ಕೇಳೋಕೂ ಆಗ ಧೈರ್ಯ ಬರುತ್ತೆ. ಅರ್ಜಿ ಬರಿ, ನಾನೂ ಸಹಿ ಹಾಕ್ತೀನಿ.

– ಬರೀತೀನಿ ಅಂಕಲ್. ನಮ್ಮ ಗುಂಪಿನಲ್ಲಿ ರಾಖಿ ಮಾಡೋರು, ಬುಕ್‌ಮಾರ್ಕ್ ಮಾಡೋರು, ಸೀರೆ ಕುಚ್ಚಿನವರು ಎಲ್ಲ ಇದಾರೆ. ಎಲ್ಲರದ್ದೂ ಐವತ್ತು ಗ್ರಾಮಿನ ಆಚೀಚೆನೇ.

– ಅವರಿಗೂ ತೂಗೋದು ಹೇಳಿಕೊಡು. ಈಗ ಹುಬ್ಬಳ್ಳಿಯವರಿಗೆ ಉತ್ತರ ಬರಿ.

– ಏನಂತ?

– ‘ಅಕ್ಕ, ಎಪ್ಪತ್ತೈದು ನನ್ನ ತಪ್ಪು ಲೆಕ್ಕ. ಕೌಂಟರಿನಲ್ಲಿ ಕಾಗದಪತ್ರದ ದರಕ್ಕೆ ತಗೊಂಡರೆ ಒಂದಕ್ಕೂ ಅಂಚೆ ಐವತ್ತಾರೇ, ಎರಡಕ್ಕೂ ಐವತ್ತಾರೇ’ ಅಂತ ಬರಿ. ಆಮೇಲೆ ಪಿನ್ ಕೋಡ್ ಕೇಳು, ಅವರ ಮೆಸೇಜಿನಲ್ಲಿ ಅದಿಲ್ಲ. ಆರು ಅಂಕೀನೂ ಬೇಕು. ನಮ್ಮ 560010ರಲ್ಲಿ ಒಂದು ಸೊನ್ನೆ ಹಿಂದೆ ಮುಂದೆ ಆಗಿ 560001 ಅಂತ ಬರೆದರೆ ಕಾಗದ ಮೊದಲು ಜಿಪಿಒ ಕಡೆ ಹೋಗಿ ನಿಲ್ಲುತ್ತೆ. ದಿನಾ ಆಗ್ತಿತ್ತು ಅದು.

– ಕಳಿಸಿದೆ… ಆಗಲೇ ಉತ್ತರ ಬಂತು. ‘ಹಂಗಾದ್ರ ಎರಡ ಕಳಸ್ರಿ, ನಮ್ಮ ಅಕ್ಕಗ ಒಂದು.’ ಪಿನ್ನೂ ಹಾಕಿದಾರೆ.

– ಶಾಭಾಷ್. ಈಗ ಕಟ್ಟು. ರಟ್ಟು, ಎರಡು ಪೊಟ್ಟಣದ ಎಳೆ ಒಂದೇ ಪ್ಲಾಸ್ಟಿಕ್ಕಿಗೆ, ಕವರು. ಮೆಷಿನ್ ಮೇಲೆ ಇಡು.

– ನಲವತ್ತೊಂಬತ್ತು. ಆದ್ರೆ ಧನ್ಯವಾದದ ಕಾರ್ಡು ಇಡಲಿಲ್ಲ. ಅದು ಆರು ಗ್ರಾಮ್.

– ಇನ್ನು ಅಂಟು ಬೇರೆ ಬೀಳುತ್ತೆ, ಅವರ ಚೀಟಿ ಬೇರೆ ಅಂಟುತ್ತೆ. ಅವರ ತಕ್ಕಡಿಗೂ ನಿನ್ನ ಮೆಷಿನ್ನಿಗೂ ಒಂದು ಗ್ರಾಮ್ ಹೆಚ್ಚುಕಮ್ಮಿ ಇದ್ದೇ ಇರುತ್ತೆ. ರಟ್ಟಿನ ಅಂಚು ಇನ್ನೊಂದು ಬೆರಳು ಕತ್ತರಿಸು. ಈಗ?

– ನಲವತ್ತೇಳು.

– ಸಾಕು. ಕಾರ್ಡು ಬೇಡ. ಆ ರಟ್ಟಿನ ಬೆನ್ನು ಖಾಲಿ ಇದೆಯಲ್ಲ, ಮಸಿಗೆ ತೂಕ ಇಲ್ಲ. ನಿಮ್ಮತ್ತೆಗೆ ಪೆನ್ನು ಕೊಡು.

– ಅತ್ತೆ, ಇಲ್ಲಿ ಎರಡಕ್ಷರ ಬರೀಬೇಕಂತೆ. ಏನು ಬರೀತೀರಾ? … ಕನ್ನಡಕ ಎಲ್ಲಿ ಅಂತಾರೆ. ತಾಳಿ ಅಂಕಲ್, ತರ್ತೀನಿ.